ಹಿಡಿ ತವುಡಿನ ಹದ

ಪುಣೆಯ ಶಿವಾಜಿನಗರದ ಕೃಷಿ ಕಾಲೇಜಿನಲ್ಲಿ ಅಣಬೆ ಸಂಶೋಧನೆ ದಶಕಗಳಿಂದ ನಡೆದಿದೆ. ಅಣಬೆ ಎಂದರೆ ಎಲ್ಲರೂ ಮೆಚ್ಚುವುದು ಚಿಪ್ಪಣಬೆಯ ಬಿಳಿ ಗೊಂಚಲನ್ನು. ನನ್ನ ಮೆಚ್ಚುಗೆ ಮಾತ್ರ ತವುಡು ಬೆರೆಸುವ ಕೈಗೆ. ಅಣಬೆ ಬೆಳೆಸುವ ಒಣಹುಲ್ಲಿನಲ್ಲಿ ಇಂಗಾಲ ಧಾರಾಳ, ಸಾರಜನಕಕ್ಕೆ ಬರ. ಆ ಕೊರತೆ ತುಂಬುವುದು ಗೋಧಿ ತವುಡು ಇಲ್ಲವೇ ಅಕ್ಕಿ ತವುಡು: ಒಣಹುಲ್ಲಿನ ತೂಕಕ್ಕೆ ಸುಮಾರು ಶೇ. 5ರಿಂದ 10. ಬೇಯಿಸಿದ ಹುಲ್ಲನ್ನು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತವುಡನ್ನೂ ಹಬೆಯಲ್ಲಿ ಶುದ್ಧಿ ಮಾಡಿ, ಗಂಟಾಗದಂತೆ ಉದುರುದುರಾಗಿ ಬೆರೆಸಬೇಕು. ಅತಿಯಾಸೆಗೆ ಬಿದ್ದು ಹೆಚ್ಚು ಸುರಿದರೋ, ಹುಲ್ಲು ತುಂಬಿದ ಚೀಲ ಒಳಗೊಳಗೇ ಬಿಸಿಯೇರುತ್ತದೆ, ಹಸಿರು ಬೂಸ್ಟು ಮೊದಲ ಪಂಕ್ತಿಗೇ ಕೂರುತ್ತದೆ! ಅಳತೆ ಬಲ್ಲವರ ಚೀಲದಲ್ಲಿ ಅಣಬೆಯ ಬಿಳಿನೂಲು ದಟ್ಟವಾಗಿ ಹೆಣೆದುಕೊಳ್ಳುತ್ತದೆ, ಇಳುವರಿ ಏರುತ್ತದೆ. ಹೊಸಬರು ಮೊದಲು ಶೇ. 5ರಲ್ಲೇ ಕೈ ಪಳಗಿಸಿಕೊಳ್ಳಲಿ.