ಮರದ ಬುಡದ ಆಟಿಕೆ

ಮೂರು-ನಾಲ್ಕು ವರ್ಷದ ಮಗುವನ್ನು ಪಾರ್ಕಿಗೆ ಕರೆದೊಯ್ದವರು ಸೀದಾ ಜಾರುಬಂಡೆಯ ಹತ್ತಿರ ಹೋಗಿ ನಿಲ್ಲುತ್ತಾರೆ. ಹಬ್ಬದೂಟಕ್ಕೆ ಹೋಗಿ ಉಪ್ಪಿನಕಾಯಿ ನೆಕ್ಕಿ ಬಂದ ಹಾಗೆ! ಆಡುವ ಸಾಮಾನೆಲ್ಲ ಬಿದ್ದಿರುವುದು ಮರದ ಬುಡದಲ್ಲಿ, ಅದೂ ಕಾಲಕ್ಕೊಂದು ಬಗೆ.

ಈ ವಿಷಯದಲ್ಲಿ ಬೆಂಗಳೂರಿನ ಮಕ್ಕಳು ಪುಣ್ಯವಂತರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಎಂಬ ಲೆಕ್ಕದಲ್ಲಿ ಬೀದಿಮರಗಳನ್ನು ನೆಡಿಸಿದರು. ಅವರ ಕಣ್ಣು ಬಣ್ಣದ ಮೇಲಿತ್ತು. ಲಾಭ ಹೊಡೆದವರು ಮಾತ್ರ ಚಿಳ್ಳೆಪಿಳ್ಳೆಗಳು.

ಚಳಿ ಇಳಿಯುವ ಹೊತ್ತಿಗೆ ನೀರುಕಾಯಿ ಮರದ ಕೆಳಗೆ ನೋಡಿ. ಆಫ್ರಿಕಾದಿಂದ ಬಂದ ಮರ ಅದು. ಕಂದುಬಣ್ಣದ, ಬಾಗಿದ ಮೊಗ್ಗುಗಳು ಉದುರಿರುತ್ತವೆ. ಒಳಗಿನ ಎಳೆ ಎಸಳಿನ ಸುತ್ತ ಮರವೇ ನೀರು ತುಂಬಿಟ್ಟಿರುತ್ತದೆ. ತುದಿಯನ್ನು ಉಗುರಿನಲ್ಲಿ ಚಿವುಟಿ ಬುಡ ಅದುಮಿದರೆ ಸೊಯ್ಯನೆ ಪಿಚಕಾರಿ. ವಾಸನೆ ಅಷ್ಟಕ್ಕಷ್ಟೆ, ಬಟ್ಟೆಗೆ ಕಲೆಯೂ ಹತ್ತುತ್ತದೆ. ಹಳೇ ಅಂಗಿ ತೊಡಿಸಿ ಕರೆತನ್ನಿ.

ಯುಗಾದಿಯ ಆಸುಪಾಸಿಗೆ ಹೊಂಗೆ ಹೂ. ರಸ್ತೆ ತುಂಬಾ ಮಂಡಕ್ಕಿ. ತೆಂಗಿನ ಚಿಪ್ಪೊಂದಿದ್ದರೆ ಅಡುಗೆಯಾಟ ಶುರು.

ಆಮೇಲೆ ಬರುವುದೇ ಗುಲ್‌ಮೊಹರ್. ನನ್ನನ್ನು ಕೇಳಿದರೆ ಮೊದಲ ಬಹುಮಾನ ಇದಕ್ಕೇ. ಒಂದು ಹೂವಿಗೆ ಹತ್ತು ಕೇಸರ. ಇಬ್ಬರು ಒಂದೊಂದು ಹಿಡಿದು, ತಲೆಗೆ ತಲೆ ಸಿಕ್ಕಿಸಿ ಎಳೆಯಬೇಕು. ಯಾರದರ ತಲೆ ಹಾರುತ್ತದೋ ಅವರು ಸೋತರು. ನೂರು ಹೂ ಬಿದ್ದಿರುವ ಕಡೆ ಸಾವಿರ ಕೇಸರ ಉಂಟು, ಜಗಳಕ್ಕೆ ಕಾರಣವೇ ಇಲ್ಲ. ಮೊಗ್ಗಿನ ಹಸಿರು ಹೊದಿಕೆ ಬಿಡಿಸಿ ಬೆರಳತುದಿಗೆ ಅಂಟಿಸಿಕೊಂಡರೆ ರಾಕ್ಷಸನ ಉಗುರು. ಒಣಗಿದ ಕಾಯಿಯಂತೂ ಕತ್ತಿಯೇ, ಅಲ್ಲಾಡಿಸಿದರೆ ಗಿಲಕಿ. ಇಷ್ಟೆಲ್ಲ ಆಟ ಒಂದೇ ಮರದಲ್ಲಿ, ಅದೂ ಬಿಟ್ಟಿಯಾಗಿ!

ಮಳೆಗಾಲದಲ್ಲಿ ಕೆಸರಿದ್ದರೆ ಸಾಕು, ಮಕ್ಕಳಿಗೆ ಹೇಳಿಕೊಡಬೇಕಾದ್ದೇನಿಲ್ಲ. ಕರ್ಣಕುಂಡಲ ಗಿಡವೊಂದು ಸಿಕ್ಕರೆ ಮಾತ್ರ ನಿಂತು ತೋರಿಸಿ. ಮಾಗಿದ ಕಾಯಿಯನ್ನು ಮೆಲ್ಲಗೆ ಒತ್ತಿದರೆ ಅದು ಬೆರಳ ನಡುವೆಯೇ ಪಟ್ಟನೆ ಒಡೆದು ಸಿಪ್ಪೆ ಸುರುಳಿಯಾಗುತ್ತದೆ, ಬೀಜ ಎತ್ತಲೋ ಚಿಮ್ಮುತ್ತದೆ. ಮೊದಲ ಸಲ ಮಗು ಬೆಚ್ಚುತ್ತದೆ. ಎರಡನೆಯ ಸಲದಿಂದ ಗಿಡದಲ್ಲಿ ಕಾಯಿ ಉಳಿಯುವುದಿಲ್ಲ.

ಕಟ್ಟಳೆ ಒಂದೇ: ಹೆಕ್ಕಿದ್ದು ಬಾಯಿಗೆ ಹೋಗಬಾರದು. ಕೆಂಪು-ಕಪ್ಪಿನ ಗುಲಗಂಜಿಯನ್ನಂತೂ ಚಿಕ್ಕವರ ಕೈಗೇ ಕೊಡಬೇಡಿ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ.

ಉಳಿದಂತೆ ದೊಡ್ಡವರು ಬೆಂಚಿನ ಮೇಲೆ ಸುಮ್ಮನೆ ಕೂತಷ್ಟೂ ಒಳ್ಳೆಯದು. ನಿಮಗಿರುವ ಕೆಲಸ ಬೇರೆ. ಬೆಳಕು ಹರಿಯುವಷ್ಟರಲ್ಲಿ ಪಾರ್ಕುಗಳನ್ನೂ ಅಪಾರ್ಟ್‌ಮೆಂಟ್ ಅಂಗಳಗಳನ್ನೂ ಗುಡಿಸಿ, ಈ ಸಂಪತ್ತನ್ನೆಲ್ಲ ಕಸದ ಚೀಲಕ್ಕೆ ತುಂಬಿಬಿಡುತ್ತಾರೆ. ಗುಡಿಸುವವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಅಪ್ಪಣೆ ಹಾಗಿದೆ. ಮುಂದಿನ ಸಲ ಸಂಘದ ಮೀಟಿಂಗಿಗೆ ಹೋದಾಗ ಒಂದು ಮಾತು ಎತ್ತಿ: ಒಂದು ಮರದ ಬುಡವನ್ನಾದರೂ ಗುಡಿಸದೆ ಬಿಡಲಿ.