ಎಂಟನೇ ತರಗತಿಯ ಸೈಕಲ್

ಕಾರು ಬಿಟ್ಟು ಸೈಕಲ್ ಹಿಡಿಯುವುದನ್ನು ಕೊಂಡಾಡುವ ಬರಹಗಳು ಬೆಂಗಳೂರಿನ ಉದ್ಯೋಗಿಯನ್ನೋ, 2017ರಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆಯನ್ನೋ ಹೆಸರಿಸಿ ತೃಪ್ತವಾಗುತ್ತವೆ. ಕಾರು ಬಿಟ್ಟವರಿಂದ ಹೊಗೆ ಕಡಿಮೆಯಾಗುವುದು ನಿಜವಾದರೂ, ತೊರೆದ ಸುಖವನ್ನೇ ಸೈಕಲ್ಲಿನ ಬೆಲೆಯೆಂದು ಎಣಿಸುವ ಈ ಪ್ರಶಂಸೆ ಅಳತೆ ಮೀರಿದ್ದು. ಸೈಕಲ್ ಯಾರನ್ನು ಎಲ್ಲಿಗೆ ಮುಟ್ಟಿಸಿತೆಂದು ಅದು ಕೇಳುವುದೇ ಇಲ್ಲ. ಆ ಪ್ರಶ್ನೆಗೆ ಉತ್ತರವಿರುವುದು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಂಥ ಕಡೆ, ಅಂದರೆ ತುಮಕೂರು ಜಿಲ್ಲೆಯೊಳಗೆ ಶಾಲಾ ಆಡಳಿತಕ್ಕೆಂದೇ ರೂಪಿಸಿದ ಘಟಕದಲ್ಲಿ.

ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆಯ ಜಾಣ್ಮೆಯೆಲ್ಲ ಎಂಟನೇ ತರಗತಿಯ ಆಯ್ಕೆಯಲ್ಲಿದೆ. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಏಳಕ್ಕೆ ಮುಗಿಯುತ್ತದೆ, ಪ್ರೌಢಶಾಲೆ ಹೋಬಳಿ ಕೇಂದ್ರದಲ್ಲೋ ಪಕ್ಕದ ದೊಡ್ಡ ಊರಿನಲ್ಲೋ ಇರುತ್ತದೆ, ಬಸ್ಸಿನ ವೇಳೆ ಶಾಲೆಯ ಗಂಟೆಗೆ ಹೊಂದುವುದಿಲ್ಲ. ಹೆಣ್ಣುಮಕ್ಕಳ ಓದು ಮುರಿದುಬೀಳುವ ಆ ಘಟ್ಟದಲ್ಲೇ ಸೈಕಲ್ ಅವರ ಕೈಗೆ ಬಂತು.

ಯೋಜನೆಯ ದೋಷವೂ ಅಲ್ಲಿಂದಲೇ ಶುರುವಾಗುತ್ತದೆ. ಸೈಕಲ್ ಕೊಡುತ್ತಿದ್ದುದು ಒಮ್ಮೆ, ಪ್ರೌಢಶಾಲೆ ಮೂರು ವರ್ಷ. ಶಿರಾ, ಪಾವಗಡದ ಬಯಲಿನಲ್ಲಿ ರಸ್ತೆಯಂಚಿಗೆ ಹಬ್ಬಿದ ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ತೂರಿ ಟ್ಯೂಬಿಗೆ ಇಳಿಯುತ್ತದೆ. ಮೇಲಿನಿಂದ ಕಿತ್ತರೂ ಮುರಿದ ತುದಿ ಟೈರಿನ ಒಳಮೈಯಲ್ಲೇ ಉಳಿಯುವುದರಿಂದ, ಅಲ್ಲಿ ಬೆರಳಾಡಿಸಿ ಹುಡುಕಿ ತೆಗೆಯದಿದ್ದರೆ ಟ್ಯೂಬಿಗೆ ಹಾಕಿದ ತೇಪೆ ಬಹಳ ದಿನ ಉಳಿಯುವುದಿಲ್ಲ. ಪಂಕ್ಚರ್ ಅಂಗಡಿಯಿಲ್ಲದ ಊರಿನ ಹುಡುಗಿ ಸೈಕಲ್ ತಳ್ಳಿಕೊಂಡೇ ಶಾಲೆ ಸೇರಬೇಕು, ಇಲ್ಲವೇ ಆ ದಿನ ಮನೆಯಲ್ಲೇ ಉಳಿಯಬೇಕು. ವಿತರಣೆಯ ಸಂಖ್ಯೆಯನ್ನೇ ಸಾಧನೆಯೆಂದು ಓದಿದ ಆಡಳಿತ ಈ ಮುಳ್ಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಯ ಹಿರಿಯರು ಮಕ್ಕಳ ಸೈಕಲ್ಲಿನ ಕ್ಯಾರಿಯರ್ ಮೇಲೆ ಹುಲ್ಲು ಹೇರುತ್ತಾರೆ, ಡೇರಿಗೆ ಹಾಲು ಒಯ್ಯುತ್ತಾರೆ, ಹಾಗಾಗಿ ಯೋಜನೆ ದುರುಪಯೋಗವಾಯಿತೆಂಬ ಆಕ್ಷೇಪ ಮಾತ್ರ ಒಪ್ಪತಕ್ಕದ್ದಲ್ಲ. ಬೆಳಗ್ಗೆ ಹಾಲು ಹಾಕಿ ಬಂದ ಸೈಕಲ್ ಒಂಬತ್ತಕ್ಕೆ ಶಾಲೆಗೆ ಹೊರಟರೆ ಅದರಲ್ಲಿ ಕಳೆದುಹೋದದ್ದೇನು? ನಗರದವನು ಸೈಕಲ್ಲಿನಲ್ಲಿ ತರಕಾರಿ ತಂದರೆ ಆದರ್ಶವೆಂದು ಬರೆಯುವ ವಿಮರ್ಶಕರೇ ರೈತನ ಹುಲ್ಲಿನ ಹೊರೆಯಲ್ಲಿ ಅಕ್ರಮ ಕಾಣುವುದು ಅನ್ಯಾಯ. ದಿನಬಳಕೆಯ ಸವಾರಿಯೆಂದರೆ ಇದೇ, ಮತ್ತು ಇಲ್ಲಿ ಅದು ಯಾರ ತ್ಯಾಗವನ್ನೂ ಅವಲಂಬಿಸಿಲ್ಲ.

ಮಧುಗಿರಿ ಪೇಟೆಯ ಕಾರಿನ ಒಡೆಯರು ಸೈಕಲ್ ಹತ್ತದಿರುವುದಕ್ಕೆ ದೂರ ಕಾರಣವಲ್ಲ. ಅದು ಬಡವರ, ಶಾಲಾಮಕ್ಕಳ ವಾಹನವೆಂಬ ಭಾವನೆಯೇ ಕಾರಣ. ಅವರನ್ನು ಒಲಿಸುವುದಕ್ಕಿಂತ ತುರ್ತಿನ ಕೆಲಸ ಬೇರೆಯಿದೆ: ಕೋವಿಡ್ ಕಾಲದಲ್ಲಿ ನಿಂತ ವಿತರಣೆಗೆ ಮತ್ತೆ ಹಣ ಒದಗಿಸುವಾಗ ಪ್ರತಿ ಪ್ರೌಢಶಾಲೆಗೂ ಒಂದು ಪಂಪು, ಟ್ಯೂಬು, ತೇಪೆ, ಸಲ್ಯೂಷನ್ ಮತ್ತು ರಿಪೇರಿ ಬಲ್ಲವರೊಬ್ಬರ ಸಂಬಳವನ್ನು ಅದೇ ಲೆಕ್ಕದಲ್ಲಿ ಸೇರಿಸಬೇಕು.