ತೊಟ್ಟಿಲು, ತೇರು, ಕಡಲು: ಕರಾವಳಿಯ ವಿನೋದವನ್ನು ಕುರಿತ ಒಂದು ವಿಮರ್ಶೆ

ಕಾವ್ಯ, ನಾಟಕ, ಶಿಲ್ಪಗಳನ್ನು ವಿಮರ್ಶೆಗೆ ಒಳಪಡಿಸುವ ನಾವು ಜಾತ್ರೆಯ ಬಯಲಿನಲ್ಲಿ ತಿರುಗುವ ತೊಟ್ಟಿಲನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಎಣಿಸುವುದಿಲ್ಲ. ಅದು ಮಕ್ಕಳ ಆಟ, ಹೆಚ್ಚೆಂದರೆ ಒಂದು ವ್ಯಾಪಾರ ಎಂದು ಬದಿಗಿಡುತ್ತೇವೆ. ಆದರೆ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನಲ್ಲಿ ಬೇಡಿದ್ದು ಒಂದು ‘ಕ್ರೀಡನೀಯಕ’ವನ್ನು, ಎಂದರೆ ಆಟದ ವಸ್ತುವನ್ನು, ಎಂಬುದನ್ನು ನೆನೆದರೆ ನಮ್ಮ ಈ ಉಪೇಕ್ಷೆ ಅಷ್ಟೇನೂ ಶಾಸ್ತ್ರಸಮ್ಮತವಾದುದಲ್ಲವೆಂದು ತೋರುತ್ತದೆ. ಕರಾವಳಿಯವರು ಯಕ್ಷಗಾನವನ್ನು ‘ಆಟ’ ಎಂದೇ ಕರೆಯುತ್ತಾರೆ. ತೊಟ್ಟಿಲೂ ಆಟವೇ. ಒಂದೇ ಜಾತ್ರೆಯಲ್ಲಿ, ಒಂದೇ ಇರುಳು, ಕೂಗಳತೆಯಲ್ಲಿ ಇವೆರಡೂ ನಡೆಯುವುದುಂಟು. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಕಡಲತಡಿಯ ವಿನೋದಗಳನ್ನು ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ. ಭಯವು ವಿನೋದವಾಗುವುದು ಹೇಗೆ, ಯಾವಾಗ ಅದು ಬರಿಯ ಭಯವಾಗಿಯೇ ಉಳಿಯುತ್ತದೆ ಎಂಬುದೇ ಆ ಪ್ರಶ್ನೆ.

ಭಯಾನಕವನ್ನೂ ಒಂದು ರಸವೆಂದು ನಮ್ಮ ಆಲಂಕಾರಿಕರು ಒಪ್ಪಿದ್ದಾರೆ. ಕಾಡಿನಲ್ಲಿ ಹುಲಿಯನ್ನು ಕಂಡು ಓಡುವವನಿಗೆ ಯಾವ ರಸವೂ ಇಲ್ಲ. ರಂಗದ ಮೇಲಿನ ಹುಲಿಯನ್ನು ಕಂಡು ಮೈನವಿರೇಳುವ ಪ್ರೇಕ್ಷಕನಿಗೆ ಅದು ಉಂಟು. ಲೌಕಿಕವಾದ ಭಯ ಆಸ್ವಾದ್ಯವಾಗಬೇಕಾದರೆ ಅದಕ್ಕೆ ಒಂದು ಕಟ್ಟು ಬೇಕು. ರಂಗ, ತೆರೆ, ವೇಷ ಇವೆಲ್ಲ ಸೇರಿ ಆ ಕಟ್ಟು ಏರ್ಪಡುತ್ತದೆ. ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಬ್ಬರಿಸಿದಾಗ ಮುಂದೆ ಕುಳಿತ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತವೆ. ಆದರೆ ಎದ್ದು ಮನೆಗೆ ಹೋಗೋಣವೆನ್ನುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ ಹೊನ್ನಾವರ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ತೊಟ್ಟಿಲಿನಲ್ಲಿ ಈ ಕಟ್ಟು ಕಬ್ಬಿಣದ್ದು. ಅಚ್ಚು, ಅರ, ಕುಳಿತವರ ಮುಂದಿನ ಅಡ್ಡಗೋಲು, ಕೆಳಗೆ ನಿಂತು ಚಕ್ರವನ್ನು ನಡೆಸುವ ಆಳು, ಇಷ್ಟನ್ನು ನಂಬಿಯೇ ಜನ ಕೂಗಿಕೊಳ್ಳುತ್ತಾರೆ. ಏರುವಾಗ ಕೂಗುವವರು ಕಡಮೆ. ತುದಿಯನ್ನು ದಾಟಿ ಇಳಿಯತೊಡಗಿದೊಡನೆ ಕುಳಿತ ಹಲಗೆ ಮೈಯ ಕೆಳಗಿನಿಂದ ಸರಿಯುವಂತಾಗಿ, ದೇಹದ ತೂಕ ತುಸು ಕಡಮೆಯಾದಂತೆ ಭಾಸವಾಗುತ್ತದೆ. ಕೂಗು ಏಳುವುದು ಆಗಲೇ. ಬೀಳುತ್ತಿದ್ದೇವೆಂದು ದೇಹ ಹೇಳುತ್ತದೆ, ಬೀಳುವುದಿಲ್ಲವೆಂದು ಬುದ್ಧಿ ಹೇಳುತ್ತದೆ. ಈ ಎರಡರ ನಡುವಣ ತೂಗಾಟವೇ ಇಲ್ಲಿನ ಸುಖ.

ಇಲ್ಲಿ ಹೆಸರಿನ ವಿಚಾರವನ್ನೂ ಗಮನಿಸತಕ್ಕುದು. ಇಂಗ್ಲಿಷಿನಲ್ಲಿ ಇದು ದೈತ್ಯಚಕ್ರ. ಹೊರಗೆ ನಿಂತು ನೋಡಿದವನು ಇಟ್ಟ ಹೆಸರು. ಕನ್ನಡದವರು ‘ತೊಟ್ಟಿಲು’ ಎಂದರು. ಇದು ಒಳಗೆ ಕುಳಿತವನು ಇಟ್ಟ ಹೆಸರು. ರಾಟೆ, ಗಾಲಿ, ಚಕ್ರ ಮುಂತಾದ ಪದಗಳು ಕೈಯಳತೆಯಲ್ಲಿ ಇದ್ದರೂ, ಹೆದರಿಸುವ ಯಂತ್ರಕ್ಕೆ ಕೂಸನ್ನು ಮಲಗಿಸುವ ವಸ್ತುವಿನ ಹೆಸರನ್ನು ಕೊಟ್ಟದ್ದು ಸಾಮಾನ್ಯ ಜಾಣ್ಮೆಯಲ್ಲ. ಹಿಂದೆ ನಾಲ್ಕೇ ಪೆಟ್ಟಿಗೆಗಳಿದ್ದ, ಕೈಯಿಂದ ತಿರುಗಿಸುತ್ತಿದ್ದ ಮರದ ತೊಟ್ಟಿಲಿಗೆ ಸಂದ ಹೆಸರೇ ವಿದ್ಯುದ್ದೀಪಗಳಿಂದ ಝಗಝಗಿಸುವ ಉಕ್ಕಿನ ಚಕ್ರಕ್ಕೂ ಉಳಿದುಬಂದಿದೆ.

ಈ ಚಕ್ರ ಪಾಶ್ಚಾತ್ಯರ ಕೊಡುಗೆಯೆಂಬ ಭಾವನೆ ವಿದ್ಯಾವಂತರಲ್ಲಿ ಬಲವಾಗಿದೆ. ೧೮೯೩ರಲ್ಲಿ ಷಿಕಾಗೋ ಪ್ರದರ್ಶನಕ್ಕಾಗಿ ಫೆರಿಸ್ ಎಂಬ ಎಂಜಿನಿಯರು ನಿಲ್ಲಿಸಿದ ೨೬೪ ಅಡಿಯ ಚಕ್ರ ಈ ಭಾವನೆಗೆ ಕಾರಣ. ಅದರಲ್ಲಿ ೩೬ ಪೆಟ್ಟಿಗೆಗಳು, ಒಂದೊಂದರಲ್ಲಿ ೬೦ ಜನ, ಎಂದರೆ ಒಮ್ಮೆಗೆ ೨,೧೬೦ ಜನ ಏರಬಹುದಾಗಿತ್ತು. ಫೆರಿಸನದು ಗಾತ್ರದ ಸಾಹಸವೇ ಹೊರತು ಹೊಸ ಕಲ್ಪನೆಯಲ್ಲ. ಇದಕ್ಕೆ ಸಾಕ್ಷಿ ನುಡಿಯುವವನು ನಮ್ಮ ಹೊನ್ನಾವರದೊಡನೆ ಸಂಬಂಧವುಳ್ಳ ಒಬ್ಬ ಪ್ರವಾಸಿಯೇ ಆಗಿರುವುದು ಸ್ವಾರಸ್ಯಕರ. ಇಟಲಿಯ ಪಿಯೆತ್ರೊ ಡೆಲ್ಲಾ ವಾಲೆ ೧೬೧೫ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಹಬ್ಬದಲ್ಲಿ ಇಂಥ ಚಕ್ರವನ್ನು ಕಂಡು, ತಾನೇ ಏರಿ, ಮೇಲಕ್ಕೂ ಕೆಳಕ್ಕೂ ವೇಗವಾಗಿ ಒಯ್ಯಲ್ಪಟ್ಟುದರ ಹರ್ಷವನ್ನು ಬರೆದಿಟ್ಟನು. ಎಂಟು ವರ್ಷಗಳ ತರುವಾಯ, ೧೬೨೩ರಲ್ಲಿ, ಅವನೇ ಗೋವೆಯಿಂದ ಕಡಲ ಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ದಾರಿಯಾಗಿ ಘಟ್ಟವನ್ನೇರಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಪೋರ್ಚುಗೀಸ್ ರಾಯಭಾರಿಯೊಡನೆ ಹೋದನು. ಆಟವನ್ನು ಆಡಿ ನೋಡಿ ಬರೆಯುವ ವಿದ್ವಾಂಸರು ಆ ಕಾಲಕ್ಕೇ ಇದ್ದರೆಂಬುದು ನಮಗೂ ಧೈರ್ಯವನ್ನು ಕೊಡತಕ್ಕ ಸಂಗತಿ.

ನಮ್ಮಲ್ಲಿ ಮೊದಲು ಏರುವವನು ದೇವರು. ಉತ್ಸವಮೂರ್ತಿ ತೇರನ್ನೇರುತ್ತದೆ, ಡೋಲೋತ್ಸವದಲ್ಲಿ ಉಯ್ಯಾಲೆಯಲ್ಲಿ ತೂಗುತ್ತದೆ, ತೆಪ್ಪೋತ್ಸವದಲ್ಲಿ ನೀರಿನ ಮೇಲೆ ವಿಹರಿಸುತ್ತದೆ. ಜಾತ್ರೆಯ ಆಟಗಳೆಲ್ಲವೂ ಈ ಮೂರರ ಲೌಕಿಕ ರೂಪಗಳೆಂದರೆ ತಪ್ಪಾಗಲಾರದು. ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ಶಿವರಾತ್ರಿಯ ಸಂದರ್ಭದಲ್ಲಿ ನಡೆಯುವ ಮಹಾರಥೋತ್ಸವವನ್ನು ನೋಡಿದವರಿಗೆ ಇದು ಸ್ಪಷ್ಟವಾಗುತ್ತದೆ. ಕಡಲಲ್ಲಿ ಮಿಂದ ಜನ ಹಗ್ಗ ಹಿಡಿಯುತ್ತಾರೆ. ರಥ ಓಲಾಡುತ್ತ ಬರುತ್ತದೆ. ಗಾಲಿಯ ಅಡಿಗೆ ಮರದ ತುಂಡು ಕೊಟ್ಟು ದಿಕ್ಕನ್ನು ತಿದ್ದುವವರು ಕ್ಷಣಕ್ಷಣಕ್ಕೂ ಎಚ್ಚರದಿಂದಿರುತ್ತಾರೆ. ಭಟ್ಕಳದ ಚನ್ನಪಟ್ಟಣ ಹನುಮಂತ ದೇವಾಲಯದ ರಾಮನವಮಿ ರಥೋತ್ಸವಕ್ಕೆ ಮುನ್ನ ಊರಿನ ಮುಸ್ಲಿಂ ಮನೆತನಕ್ಕೆ ಆಹ್ವಾನ ಕೊಡುವ ಸಂಪ್ರದಾಯವಿದೆ. ಊರಿನ ವಿನೋದಕ್ಕೆ ಊರೆಲ್ಲವೂ ಹೊಣೆಯೆಂಬ ಭಾವನೆ ಅದರಲ್ಲಿ ಅಡಗಿದೆ. ಕಟ್ಟು ಎಂದರೆ ಕಬ್ಬಿಣ ಮಾತ್ರವಲ್ಲ, ಹೊಣೆ ಹೊತ್ತ ಜನವೂ ಹೌದು.

ಜಾತ್ರೆಯ ಆಟಗಳೆಲ್ಲವನ್ನೂ ನಾವು ಒಂದೇ ತೂಕದಲ್ಲಿ ಇಡಲಾರೆವು. ಎರಡು ವರ್ಷಗಳಿಗೊಮ್ಮೆ ಘಟ್ಟದ ಮೇಲಿನ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ನಡೆಯುವಾಗ ಈ ಯಂತ್ರಗಳ ಒಂದು ಪೇಟೆಯೇ ಏಳುತ್ತದೆ. ಕೆಳಗಿನ ತಾಲ್ಲೂಕುಗಳವರೂ ಅವನ್ನು ನೋಡಲು ಹೋಗುವುದುಂಟು. ಅಲ್ಲಿ ಮಕ್ಕಳ ಕುದುರೆಗಳು ನಿರುಪದ್ರವಿಗಳು, ಅವುಗಳ ಬಗೆಗೆ ಹೇಳತಕ್ಕುದು ಹೆಚ್ಚಿಲ್ಲ. ಬಾವಿಯ ಗೋಡೆಯ ಮೇಲೆ ಮೋಟಾರು ಸೈಕಲ್ ಓಡಿಸುವ ಆಟ ನಮಗೆ ಮೆಚ್ಚುಗೆಯಾಗುವುದಿಲ್ಲ. ಅಲ್ಲಿ ಅಪಾಯ ನಿಜವಾದುದು, ಅದು ಇನ್ನೊಬ್ಬನ ಪಾಲಿನದು, ನಮ್ಮದು ಬರಿಯ ಟಿಕೆಟ್ಟು. ‘ಕೊಲಂಬಸ್’ ಎಂಬ ತೂಗುವ ಹಡಗು ವಿಚಾರಯೋಗ್ಯವಾದುದು. ಇದು ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗುತ್ತದೆ. ತುದಿಯಲ್ಲಿ ಮೈ ಹಗುರ, ತಳದಲ್ಲಿ ಭಾರ. ನಿಜವಾದ ದೋಣಿಯ ಅಬ್ಬರವನ್ನು ಬಲ್ಲ ಮೀನುಗಾರರ ಮಕ್ಕಳೂ ಇದರಲ್ಲಿ ಕುಳಿತು ಕೂಗುತ್ತಾರೆ. ಇದು ಹಾಸ್ಯಾಸ್ಪದವೆಂದು ಕೆಲವರು ಎಣಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಅಳಿವೆಯಲ್ಲಿ ಅಲೆಗೆ ಸಿಕ್ಕ ದೋಣಿಯಲ್ಲಿ ಕೂಗಲು ಬಿಡುವಿರುವುದಿಲ್ಲ. ನೆಲಕ್ಕೆ ಕಟ್ಟಿದ ಹಡಗಿನಲ್ಲಿ ಮಾತ್ರ ಆ ಭಯವನ್ನು ಹೊರಗೆ ಹಾಕಬಹುದು. ಹೆಸರಿನ ವಿಷಯದಲ್ಲಿ ಒಂದು ಮಾತು: ೧೪೯೮ರಲ್ಲಿ ಅಂಜದೀವಕ್ಕೆ ಬಂದವನು ವಾಸ್ಕೋ ಡ ಗಾಮ, ಆಟದ ಹಡಗು ಮಾತ್ರ ಇಂಡಿಯವನ್ನು ಮುಟ್ಟಲಾರದೆ ಹೋದವನ ಹೆಸರನ್ನು ಹೊತ್ತಿದೆ. ಎಷ್ಟು ತೂಗಿದರೂ ಎಲ್ಲಿಗೂ ತಲುಪದ ಹಡಗಿಗೆ ಅದು ಒಪ್ಪುವ ಹೆಸರೇ.

ಕಡಲತಡಿಯಲ್ಲಿ ಶಾಶ್ವತವಾದ ಆಟದ ತೋಪನ್ನು ಕಟ್ಟುವ ಪದ್ಧತಿ ಬೆಳೆದದ್ದು ಬೇರೆ ದೇಶಗಳಲ್ಲಿ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ೧೮೮೪ರಲ್ಲಿ ಏರಿಳಿತದ ರೈಲು ಓಡಿತು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿಗೆ ೧೮೪೬ರಲ್ಲಿ ರೈಲು ಬಂದ ಮೇಲೆ ಗಿರಣಿಯ ಕೆಲಸಗಾರರು ರಜೆಯಲ್ಲಿ ಅಲ್ಲಿಗೆ ಹರಿದುಬಂದರು. ೧೮೯೪ರಲ್ಲಿ ೫೧೮ ಅಡಿಯ ಗೋಪುರ ಎದ್ದಿತು, ೧೮೯೬ರಲ್ಲಿ ಆಟದ ತೋಪು ಮೊದಲಾಯಿತು. ಯಂತ್ರಬಂದೂಕವನ್ನು ಕಂಡುಹಿಡಿದ ಹೈರಮ್ ಮ್ಯಾಕ್ಸಿಮನೇ ೧೯೦೪ರಲ್ಲಿ ಅಲ್ಲಿಗೆ ಸರಳಿಗೆ ಕಟ್ಟಿದ ಹಾರುವ ದೋಣಿಗಳನ್ನು ಮಾಡಿಕೊಟ್ಟನು. ಅವು ಇಂದಿಗೂ ಹಾರುತ್ತಿವೆ. ಈಜು ಬಾರದ ಜನಸಮೂಹವೊಂದು ಕಡಲ ಬಳಿಗೆ ಬಂದಾಗ ಅವರ ರೋಮಾಂಚನದ ಆಸೆಗೆ ಅಲ್ಲಿ ಕಬ್ಬಿಣದ ಕಟ್ಟು ಒದಗಿತು.

ನಮ್ಮ ತಡಿಯಲ್ಲಿ ಇಂಥ ತೋಪು ಬೆಳೆಯದಿರುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಇಲ್ಲಿಯ ಮರಳು ದೋಣಿ ಎಳೆಯುವ, ಬಲೆ ಹರಡುವ, ಮೀನು ಒಣಗಿಸುವ ಅಂಗಳ. ಮಳೆಗಾಲದಲ್ಲಿ ಯಾವ ಯಂತ್ರವೂ ಇಲ್ಲಿ ನಿಲ್ಲಲಾರದು. ಆದುದರಿಂದ ವಿನೋದ ಜಾತ್ರೆಯೊಡನೆ ಬಂದು, ಬಿಚ್ಚಿ ಕಟ್ಟಿಕೊಂಡು, ಜಾತ್ರೆಯೊಡನೆ ಹೋಯಿತು. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಸಂಚಾರಕ್ಕೆ ತೆರೆದ ಮೇಲೆ ಸ್ಥಿತಿ ಬದಲಾಯಿತು. ಬ್ಲ್ಯಾಕ್‌ಪೂಲಿಗೆ ಬಂದಂತೆ ನಮ್ಮಲ್ಲಿಗೂ ಹೊರನಾಡಿನ ಜನ ಬಂದರು. ಬಂದವರಲ್ಲಿ ಬಹುಮಂದಿ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಲ್ಲಿ ಇಳಿದರು.

ಮುರ್ಡೇಶ್ವರದ ದೇವಾಲಯವಿರುವ, ಮೂರು ಕಡೆ ಕಡಲಿರುವ ದಿಬ್ಬಕ್ಕೆ ಕಂದುಕಗಿರಿಯೆಂದು ಹೆಸರು. ಕಂದುಕವೆಂದರೆ ಚೆಂಡು. ಆಟದ ಹೆಸರಿನ ಈ ಬೆಟ್ಟದ ಮೇಲೆ ಉದ್ಯಮಿ ಆರ್. ಎನ್. ಶೆಟ್ಟಿಯವರ ವೆಚ್ಚದಲ್ಲಿ, ಶಿವಮೊಗ್ಗದ ಶಿಲ್ಪಿ ಕಾಶಿನಾಥರು ಮತ್ತು ಇತರರು ೧೨೩ ಅಡಿಯ ಶಿವಮೂರ್ತಿಯನ್ನು ನಿರ್ಮಿಸಿದರು. ೨೦೦೮ರಲ್ಲಿ ಇಪ್ಪತ್ತು ಅಂತಸ್ತಿನ, ಸುಮಾರು ೨೩೭ ಅಡಿಯ ರಾಜಗೋಪುರ ಪೂರ್ಣವಾಯಿತು. ಅದರೊಳಗೆ ಲಿಫ್ಟಿನಲ್ಲಿ ಏರಿ ಹದಿನೆಂಟನೆಯ ಅಂತಸ್ತಿನಿಂದ ಕಡಲನ್ನು ನೋಡಬಹುದು. ಭಟ್ಕಳದ ಕೇತಪೈ ನಾರಾಯಣ ದೇವಾಲಯದ ಇಳಿಜಾರು ಕಲ್ಲಿನ ಮಾಡನ್ನು ಬಲ್ಲವರಿಗೆ, ಮಳೆಯ ನಾಡಿನ ವಾಸ್ತುವಿನಿಂದ ಈ ಗೋಪುರ ಎಷ್ಟು ದೂರ ಸರಿದಿದೆಯೆಂಬುದನ್ನು ಹೇಳಬೇಕಾಗಿಲ್ಲ. ನಮ್ಮ ಆಕ್ಷೇಪಣೆ ಅದಲ್ಲ. ಗೋಪುರವೆಂಬುದು ಕೆಳಗೆ ನಿಂತು ತಲೆಯೆತ್ತಿ ನೋಡತಕ್ಕ ವಸ್ತುವಾಗಿತ್ತು. ಇಲ್ಲಿ ಅದು ಏರತಕ್ಕ ವಸ್ತುವಾಗಿದೆ. ತೇರಿನಲ್ಲಿ ದೇವರು ಚಲಿಸಿ ಜನ ಎಳೆಯುತ್ತಿದ್ದರು. ಇಲ್ಲಿ ಮೂರ್ತಿ ಅಚಲವಾಗಿ ಕುಳಿತಿದೆ, ಪೆಟ್ಟಿಗೆಯೊಳಗೆ ನಿಂತ ಜನ ಮೇಲಕ್ಕೆ ಒಯ್ಯಲ್ಪಡುತ್ತಾರೆ. ಲಿಫ್ಟು ತೊಟ್ಟಿಲಿಗಿಂತ ಬಹಳ ಎತ್ತರಕ್ಕೆ ಒಯ್ಯುತ್ತದೆ, ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಎತ್ತರದ ಅನುಭವವಿಲ್ಲ. ಅದು ಏರಿಕೆಯಿಂದ ಭಯವನ್ನು ಪೂರ್ತಿಯಾಗಿ ತೆಗೆದುಬಿಟ್ಟಿದೆ. ಮೇಲೆ ನಿಂತವರು ನೋಡುತ್ತಾರೆ, ಚಿತ್ರ ತೆಗೆಯುತ್ತಾರೆ, ಇಳಿಯುತ್ತಾರೆ. ದೃಶ್ಯ ಭವ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆಟವೆಂಬ ದೃಷ್ಟಿಯಿಂದ ಅದು ಸಪ್ಪೆ.

ಹೀಗೆ ಮೇಲಿನಿಂದ ತೆಗೆದ ಭಯ ಕೆಳಗೆ ಮರಳಿನ ಮೇಲೆ ಕಾದು ಕುಳಿತಿರುತ್ತದೆ. ಬಯಲುಸೀಮೆಯಿಂದ ಬಂದ ಎಳೆಯರಿಗೆ ಕಡಲೇ ದೊಡ್ಡ ಆಟ. ಅಲೆ ಎತ್ತುತ್ತದೆ, ಇಳಿಸುತ್ತದೆ, ಮೈ ಹಗುರವಾಗುತ್ತದೆ. ತೊಟ್ಟಿಲು ಕೊಡುವುದನ್ನೆಲ್ಲ ಅದು ಕೊಡುತ್ತದೆ, ಟಿಕೆಟ್ಟೂ ಇಲ್ಲ. ಆದರೆ ಸಾಕೆಂದಾಗ ನಿಲ್ಲಿಸುವ ಆಳು ಅಲ್ಲಿಲ್ಲ. ೨೦೨೪ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸದಲ್ಲಿ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅನಂತರ ಕೆಲವು ಕಾಲ ಆ ತಡಿಗೆ ಪ್ರವೇಶವನ್ನು ನಿಷೇಧಿಸಲಾಯಿತು. ಇಂಥ ಪ್ರವಾಸಗಳನ್ನು ಏರ್ಪಡಿಸುವವರು ಅಧ್ಯಾಪಕರಾದ ನಾವೇ ಆಗಿರುವುದರಿಂದ ಈ ಸಂಗತಿಯನ್ನು ವೃತ್ತಪತ್ರಿಕೆಯ ಸುದ್ದಿಯೆಂದು ಓದಿ ಮುಗಿಸುವಂತಿಲ್ಲ. ಗೋಕರ್ಣದ ಯಾತ್ರಿಕನಿಗೆ ಸಮುದ್ರಸ್ನಾನದ ದಿನವಿತ್ತು, ಸಂಕಲ್ಪವಿತ್ತು, ಜೊತೆಗೆ ಸ್ಥಳದ ನೀರನ್ನು ಬಲ್ಲವರಿದ್ದರು. ಆ ಕಟ್ಟು ಸಡಿಲವಾದ ಮೇಲೆ ಬೇರೊಂದು ಕಟ್ಟನ್ನು ನಾವು ಕಟ್ಟಿಕೊಡಲಿಲ್ಲ. ಹೊನ್ನಾವರದ ಕಾಸರಕೋಡು ತಡಿಗೆ ೨೦೨೦ರಲ್ಲಿ ದೊರೆತ ನೀಲಿ ಬಾವುಟದ ಮಾನ್ಯತೆ ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ನೀರಿನ ಶುದ್ಧಿಯಷ್ಟೇ ಅಲ್ಲದೆ ಜೀವರಕ್ಷಕರು, ರಕ್ಷಣೆಯ ಸಾಮಗ್ರಿ ಇವೂ ಆ ಮಾನ್ಯತೆಯ ನಿಬಂಧನೆಗಳಲ್ಲಿ ಸೇರಿವೆ. ಅಲ್ಲಿಯ ಅಚ್ಚುಕಟ್ಟನ್ನು ಕೃತಕವೆಂದು ಹೀಗಳೆಯುವ ರಸಿಕರೂ ಇದ್ದಾರೆ. ಯಕ್ಷಗಾನದ ತೆರೆಯೂ ಕೃತಕವೇ.

ತೊಟ್ಟಿಲನ್ನು ನಡೆಸುವ ಕುಟುಂಬಗಳ ಮಾತು, ಅಚ್ಚಿಗೂ ಅರಕ್ಕೂ ಅವರು ಇಟ್ಟಿರುವ ಹೆಸರುಗಳು, ಕುಳಿತವರ ತೂಕವನ್ನು ಸರಿದೂಗಿಸಲು ಎದುರುಬದುರಿನ ಪೆಟ್ಟಿಗೆಗಳನ್ನು ತುಂಬುವ ಅವರ ಕ್ರಮ, ಯಾವ ವೇಗಕ್ಕೆ ಕೂಗು ಏಳುತ್ತದೆಂಬ ಅವರ ಅನುಭವ, ಇವೆಲ್ಲ ಕೇಳಿ ಬರೆದಿಡತಕ್ಕವು. ಜಾನಪದ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಮುಂದಿನ ಜಾತ್ರೆಯ ಕಾಲದಲ್ಲಿ ಬಯಲಾಟದ ಚೌಕಿಯಿಂದ ನಾಲ್ಕು ಹೆಜ್ಜೆ ಆಚೆಗೆ ನಡೆದು ಅಲ್ಲಿಯೂ ಒಂದಿರುಳು ಕುಳಿತು ಬರಬಹುದು.